ಮೇಲ್ಸೇತುವೆಯ ತಾಲೀಮು

ಮನೆ, ಕಿಟಕಿ ಪಕ್ಕದ ಮೇಜು
ಒಂಬತ್ತನೇ ತಾರೀಖು, ಸೋಮವಾರ ಬೆಳಗ್ಗೆ

ನನ್ನ ಚಿಟ್ಟೆಮರಿಯೇ,

ಮೊದಲು ಕೈಯ ಸಮಾಚಾರ ಹೇಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳು ಪೂರ್ತಿ ಮಡಚಲು ಬರುತ್ತದೆಯೇ? ಹೊಟ್ಟೆಗೆ ಏನಾದರೂ ಹಾಕಿಕೊಳ್ಳುತ್ತೀಯಾ, ಇಲ್ಲ ಕೋಪವನ್ನೇ ತಿಂದುಕೊಂಡಿದ್ದೀಯಾ? ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ನಿಮ್ಮಮ್ಮನೂ ಕೇಳುವುದಿಲ್ಲ, ಆದರೆ ಅದು ನಲವತ್ತು ವರ್ಷದ ಕಾಯಿಲೆ. ಈಗಲೂ ಅಡುಗೆಮನೆಯಿಂದ ಕೂಗುತ್ತಿದ್ದಾಳೆ: "ರೀ, ಕಾಗದ ಬರೀತಿದ್ದೀರೋ, ಡೈಲಾಗ್ ಹೊಡೀತಿದ್ದೀರೋ? ಬರೆಯೋವಾಗಲೂ ಕಿರುಚ್ತೀರಲ್ಲ!" ಏನು ಮಾಡಲಿ, ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಕೇಳಿಸಿದ ಗಂಟಲು ಇದು!

ಫೋನಿರುವಾಗ ಅಪ್ಪ ಯಾಕೆ ಕಾಗದ ಬರೆದ, ಅದನ್ನೂ ಚಿಕ್ಕಮ್ಮನ ಕೈಯಲ್ಲೇ ಯಾಕೆ ಕಳಿಸಿದ ಎಂದು ನಿನ್ನ ಎದೆ ಹೊಡೆದುಕೊಳ್ಳುತ್ತಿರಬೇಕು. ಹೇಳುತ್ತೇನೆ. ಕೂತುಕೋ. ಕೂತೆಯಾ?

ಈ ಗುರುವಾರ ನೀನು ಸಾಕ್ಷಿ ಹೇಳಲು ಬರಬೇಕಾದ ದಾರಿಯೊಂದನ್ನು ಹೋದ ವಾರ ನಿನ್ನ ಫೋನಿಗೆ ಕಳಿಸಿದ್ದೆನಲ್ಲ, ಅದಕ್ಕಾಗಿ ನಾಲ್ಕು ದಿನ ಮ್ಯಾಪಿನೊಳಗೆ ಮುಳುಗಿದ್ದೆ. ಕಳೆದ ಸಲ ನಿನ್ನ ಗಂಡನೆನಿಸಿಕೊಂಡವನು ಬಸ್‌ಸ್ಟಾಪಿನಲ್ಲೇ ಅಡ್ಡಹಾಕಿ, ನಿನ್ನ ಕೈ ಮುರಿದು, ನನ್ನನ್ನು ಮಂಡಿಯ ಮೇಲೆ ಕೆಡವಿ ಹೋದ. ನೀನು ನ್ಯಾಯಾಲಯದ ಬದಲು ಆಸ್ಪತ್ರೆ ಸೇರಿದೆ. ಅವನು ಜಾಮೀನಿನ ಮೇಲೆ ಹೊರಬಂದು ಶಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದಾನೆ. ಗುರುವಾರವೂ ನೀನು ಬಾರದಿದ್ದರೆ ಕೇಸು ಮುಚ್ಚುತ್ತೇವೆ ಎಂದು ನ್ಯಾಯಾಧೀಶರು ಹೇಳಿಯಾಗಿದೆ. ನ್ಯಾಯಾಲಯದ ಮುಂಬಾಗಿಲಿಗೆ ಪೊಲೀಸರು ಒಬ್ಬರನ್ನು ಕಳಿಸುತ್ತಾರಂತೆ. ಒಬ್ಬರನ್ನು! ನಮ್ಮ ನಾಟಕ ಕಂಪನಿಯಲ್ಲಿ ಪರದೆ ಎಳೆಯಲೇ ಇಬ್ಬರಿದ್ದರು. ಅದಕ್ಕೇ ನಾನೇ ಕೂತು ಬೀದಿಗಳ ಫೋಟೋ ಒಂದೊಂದಾಗಿ ಸರಿಸಿದೆ. ಯಾವ ಅಂಗಡಿ ಬೆಳಗ್ಗೆಯೇ ತೆರೆದಿರುತ್ತದೆ, ಎಲ್ಲಿ ಬರೀ ಗೋಡೆ ಇದೆ, ಯಾವ ತಿರುವಿನ ಬಗ್ಗೆ ಹೆಂಗಸರು ಮ್ಯಾಪಿನಲ್ಲೇ 'ಇಲ್ಲಿ ಒಬ್ಬರೇ ಬರಬೇಡಿ' ಎಂದು ಬರೆದಿಟ್ಟಿದ್ದಾರೆ, ಎಲ್ಲ ನೋಡಿ ಗುರುತು ಹಾಕಿದೆ. ಬಸ್ಸಿಳಿದರೆ ಔಷಧಿ ಅಂಗಡಿ, ಆಮೇಲೆ ಬ್ಯಾಂಕು, ಹೆದ್ದಾರಿ ದಾಟಲು ಮೇಲ್ಸೇತುವೆ, ಇಳಿದರೆ ನ್ಯಾಯಾಲಯ.

ತಾಲೀಮಿಲ್ಲದೆ ರಂಗಕ್ಕೆ ಇಳಿದವನಲ್ಲ ನಾನು. ಫೋನು ಜೇಬಿಗೆ ಹಾಕಿಕೊಂಡು ಮೂರು ದಿನ, ಸರಿಯಾಗಿ ಹತ್ತು ಗಂಟೆಗೆ, ನಿನ್ನ ಪಾತ್ರವನ್ನು ನಾನೇ ನಡೆದೆ. ಮೂರು ದಿನವೂ ಮೇಲ್ಸೇತುವೆಯ ನಡುವೆ ಮಂಡಿ ಹಿಡಿದುಕೊಂಡು ಹತ್ತು ನಿಮಿಷ ಕೂತೆ. ಎರಡು ತುದಿಗೂ ಕಿರಿದಾದ ಮೆಟ್ಟಿಲು, ಆ ಹೊತ್ತಿಗೆ ಅಲ್ಲಿ ನರಪಿಳ್ಳೆ ಇಲ್ಲ. ಅದೊಂದೇ ಮನಸ್ಸಿಗೆ ಚುಚ್ಚಿತು. ಇರಲಿ, ನಾನು ಜೊತೆಗಿರುತ್ತೇನಲ್ಲ ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಅಳಿಯದೇವರ ಪ್ರವೇಶ! ನಿಮ್ಮಮ್ಮ ಚಿಲಕ ತೆಗೆಯಲಿಲ್ಲ. ಕಿಟಕಿಯ ಸರಳಿಗೆ ಮುಖ ತಂದು, ಅದೇ ಜೇನಿನ ದನಿಯಲ್ಲಿ ಕೇಳಿದ: "ಮಾವ, ಮಂಡಿ ಹೇಗಿದೆ? ಈ ವಯಸ್ಸಲ್ಲಿ ಆ ಮೇಲ್ಸೇತುವೆ ಎಲ್ಲ ಹತ್ತಬಾರದು ನೀವು. ಮಧ್ಯದಲ್ಲೇ ಕೂರೋ ಹಾಗಾಗುತ್ತೆ, ನೋಡಿ."

ಮಗಳೇ, ಆ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಬೈಸಿಕೊಳ್ಳುವ ಭಯಕ್ಕೆ ನಿಮ್ಮಮ್ಮನಿಗೂ ಹೇಳಿರಲಿಲ್ಲ. "ಹೌದಪ್ಪಾ, ವಯಸ್ಸಾಯ್ತು" ಎಂದು ಬೆಪ್ಪನ ಹಾಗೆ ಹಲ್ಲು ಕಿರಿದೆ. ನನಗೇನೂ ಹೊಳೆದಿಲ್ಲವೆಂದು ನಂಬಿಕೊಂಡು ಹೋದ. ನಲವತ್ತು ವರ್ಷ ಬಣ್ಣ ಹಚ್ಚಿ, ಗದೆ ಎತ್ತಿ, ಘರ್ಜಿಸುವವನೇ ರಾಕ್ಷಸ ಎಂದು ಜನರನ್ನು ನಂಬಿಸಿದವನು ನಾನು. ನಮ್ಮನೆಯ ಕಿಟಕಿಗೆ ಬಂದವನು ಮಂಡಿ ನೋವು ವಿಚಾರಿಸಿ ಹೋದ.

ಫೋನು ರಿಪೇರಿ ಅಂಗಡಿಗೆ ಕುಂಟುತ್ತ ಓಡಿದೆ. ಅಂಗಡಿಯಾಕೆ ನಾಲ್ಕು ಕಡೆ ಒತ್ತಿ ನೋಡಿ ಮುಖ ಸಣ್ಣಗೆ ಮಾಡಿಕೊಂಡಳು. "ತಾತ, ನೀವು ಎಲ್ಲಿದ್ದೀರಿ ಅಂತ ಈ ಫೋನು ಸದಾ ಇನ್ನೊಬ್ಬರಿಗೆ ತೋರಿಸ್ತಾ ಇದೆ. ನೀವು ಹುಡುಕಿದ ದಾರಿ, ಹಾಕಿದ ಗುರುತು, ಎಲ್ಲ ಅಲ್ಲಿಗೂ ಹೋಗುತ್ತೆ. ಇದನ್ನ ಶುರು ಮಾಡಿಕೊಟ್ಟೋರು ಯಾರು?" ಯಾರು! ನಿನ್ನ ಮದುವೆಯಾದ ವರ್ಷ, "ನೀವು ದಾರಿ ತಪ್ಪಬಾರದು ಮಾವ" ಎಂದು ಈ ಫೋನನ್ನು ಉಡುಗೊರೆ ಕೊಟ್ಟು, ಪಾಸ್‌ವರ್ಡನ್ನೂ ತಾನೇ ಹಾಕಿಕೊಟ್ಟವನು. ಆ ದಿನ ಓಣಿಯಿಡೀ ಅವನನ್ನು ಹೊಗಳಿಕೊಂಡು ತಿರುಗಿದವನು ನಾನು. "ಆರಿಸಿಬಿಡ್ಲಾ ತಾತ?" ಎಂದು ಆಕೆ ಕೇಳಿದಳು.

ಕಳೆದ ಸಲ ಬಸ್‌ಸ್ಟಾಪಿನಲ್ಲಿ ನಿನಗಾಗಿ ಅರ್ಧ ಗಂಟೆ ಮೊದಲೇ ಹೋಗಿ ನಿಂತಿದ್ದೆನಲ್ಲ, ಇದೇ ಫೋನು ಜೇಬಿನಲ್ಲಿತ್ತು. ಅವನಿಗೆ ನಿನ್ನನ್ನು ತೋರಿಸಿಕೊಟ್ಟವನು ನಾನೇ, ಕಂದಾ. ನೀನು ಉಳಿದುಕೊಂಡ ಜಾಗ ಚಿಕ್ಕಮ್ಮನಿಗೆ ಮಾತ್ರ ಗೊತ್ತಿರಲಿ ಅಂದಾಗ ಹೆತ್ತ ತಂದೆಯನ್ನೇ ನಂಬಲ್ವಾ ಎಂದು ಎಷ್ಟು ಕೂಗಾಡಿದ್ದೆ! ಒಳ್ಳೆಯದಾಯಿತು, ನಂಬಲಿಲ್ಲ.

ಈಗ ಹೊಸ ದಾರಿ ಕೇಳು. ಗುರುವಾರ ಫೋನು ಆರಿಸಿ ಹಾಸಿಗೆಯ ಕೆಳಗಿಟ್ಟು ಬಾ. ಚಿಕ್ಕಮ್ಮ ಕೆಲಸ ಮಾಡುವ ಲಾಂಡ್ರಿಯ ವ್ಯಾನು ವಕೀಲರ ಕರಿ ಕೋಟುಗಳನ್ನು ಇಳಿಸಲು ನ್ಯಾಯಾಲಯದ ಹಿಂಬಾಗಿಲಿಗೆ ಹೋಗುತ್ತದೆ. ಆ ಕೋಟುಗಳ ನಡುವೆ ಕೂತು ಬಾ. ಹತ್ತು ಗಂಟೆಗೆ ವಕೀಲಮ್ಮ ಅಲ್ಲಿ ನಿಂತಿರುತ್ತಾರೆ, ಹತ್ತೂಕಾಲಿಗೆ ನಿನ್ನ ಸಾಕ್ಷಿ. ಮೊದಲ ಬೆಂಚಿನಲ್ಲಿ ನಾನೂ ನಿಮ್ಮಮ್ಮನೂ ಇರುತ್ತೇವೆ. ನನ್ನ ಹಾಗೆ ಕೂಗಬೇಕಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳು, ಅರ್ಧಕ್ಕೆ ನಿಲ್ಲಿಸಬೇಡ.

ಬರೆಯುತ್ತಾ ಒಂದು ನೆನಪು ಬಂತು. ಚಿಕ್ಕವಳಿದ್ದಾಗ ನೀನು ಸೈಡ್‌ವಿಂಗಿನಲ್ಲಿ ಕೂತು ನಾನು ಸಾಯುವ ದೃಶ್ಯ ನೋಡುತ್ತಿದ್ದೆ. ಬಾಣ ತಾಗಿದ ಮೇಲೂ ನಾನು ಕಾಲು ಗಂಟೆ ಹಾರಾಡುತ್ತಿದ್ದೆ. ಮ್ಯಾನೇಜರು ಒಳಗಿನಿಂದ "ಸಾಯಪ್ಪಾ, ಬೇಗ ಸಾಯಿ!" ಎಂದು ಬೈದರೆ, ನೀನು ಅವರ ಅಂಗಿ ಜಗ್ಗಿ "ನಮ್ಮಪ್ಪ ಸಾಯಲ್ಲ" ಎಂದು ಜಗಳಕ್ಕೆ ನಿಲ್ಲುತ್ತಿದ್ದೆ.

ನಿನ್ನ ಮುರಿದ ಕೈಗೆ ನನ್ನ ಮುತ್ತು. ನೂರು ಕಾಲ ಬಾಳು, ಯಾರಿಗೂ ಹೆದರದೆ ಬಾಳು.

ನಿನ್ನ
ಗಟ್ಟಿಗಂಟಲಿನ ಅಪ್ಪ

ಇನ್ನೊಂದು ಮಾತು: ಮೇಲಿನದನ್ನೆಲ್ಲ ನಿಮ್ಮಮ್ಮ ಓದಿದ್ದಾಳೆ, ಇದನ್ನು ಓದಿಲ್ಲ. ತರಕಾರಿಗೆ ಹೋಗಿದ್ದಾಳೆ, ಬರುವುದರೊಳಗೆ ಮುಗಿಸಬೇಕು. ಅಂಗಡಿಯಾಕೆಗೆ ಆರಿಸಬೇಡಮ್ಮ ಅಂದೆ. ಫೋನು ಹಾಗೇ ಇದೆ. ಗುರುವಾರ ಹತ್ತು ಗಂಟೆಗೆ ಅದನ್ನು ಜೇಬಿಗೆ ಹಾಕಿಕೊಂಡು ಬಸ್‌ಸ್ಟಾಪಿನಿಂದ ಹಳೆಯ ದಾರಿಯಲ್ಲೇ ನಡೆಯುತ್ತೇನೆ, ಪಕ್ಕದಲ್ಲಿ ನೀನಿದ್ದರೆ ನಡೆಯುವಷ್ಟೇ ನಿಧಾನಕ್ಕೆ. ಅವನು ನಾನಿರುವಲ್ಲಿಗೇ ಬರುತ್ತಾನೆ. ಬೆಂಚಿನಲ್ಲಿ ನಿಮ್ಮಮ್ಮ ಒಬ್ಬಳೇ ಕೂತಿದ್ದರೆ ಬಾಗಿಲ ಕಡೆ ನೋಡಬೇಡ, ಮಾತು ಶುರುಮಾಡು. ಪೂರ್ತಿ ಹೇಳಿ ಮುಗಿಸಿದ ಮೇಲೆ, ಆಮೇಲೆಯೇ, ಆ ಪೊಲೀಸಿನವರನ್ನು ಮೇಲ್ಸೇತುವೆಗೆ ಕಳಿಸು. ಗೇಟು ಸದ್ದಾಯಿತು, ಬಂದಳು. ಅವಸರಪಡಬೇಡ ಮಗಳೇ. ಕಾಲು ಗಂಟೆಯಾದರೂ ಎಳೆದೇ ಎಳೆಯುತ್ತೇನೆ.