ಮೂರನೆಯ ಎಸೆತ

ಆಗಸ್ಟ್ ೮, ಶುಕ್ರವಾರ. ಸಾನ್ ಪೆದ್ರೊ.

ಏಳನೆಯ ತರಗತಿಗೇ ಶಾಲೆ ಬಿಟ್ಟವನಾದರೂ ಎರಡರವರೆಗೆ ಎಣಿಸಲು ನನಗೆ ಬರುತ್ತದೆ. ಬೇಸ್‌ಬಾಲಿನಲ್ಲಿ ಒಬ್ಬ ಬ್ಯಾಟರ್ ಆಡಿ ಮುಗಿಸುವುದರೊಳಗೆ, ಬೇಸಿನಲ್ಲಿರುವ ಓಟಗಾರನನ್ನು ಔಟ್ ಮಾಡಿಸಲು ಚೆಂಡೆಸೆಯುವ ಪಿಚರ್, ಅಂದರೆ ನಾನು, ಎರಡೇ ಸಲ ಅತ್ತ ಎಸೆಯಬಹುದು. ಮೂರನೆಯದಕ್ಕೂ ಅವನು ಔಟಾಗದಿದ್ದರೆ ಮುಂದಿನ ಬೇಸು ಪುಕ್ಕಟೆ.

ಕೊನೆಯ ಸರದಿ, ಸ್ಕೋರು ಸಮ. ಮೂರನೆಯ ಬೇಸಿನಲ್ಲಿ ಎದುರು ತಂಡದ ನೆಫ್ತಾಲಿ. ಎರಡು ಸಲ ಎಸೆದೆ. ನಕ್ಕ.

“ಯಾಕೋ ಎಲಿಹಿಯೊ, ಬೀಗ ಹಾಕಿದ್ನೋ ಇಲ್ವೋ ಅಂತ ಎಷ್ಟು ಸಲ ಎಳೆದು ನೋಡ್ತೀಯೋ?”

ಮತ್ತೆ ಎಸೆದೆ. ಬೇಸು ಮುಟ್ಟಿಬಿಟ್ಟಿದ್ದ. ಅಂಪೈರ್ ಕೈ ತೋರಿಸಿದ ಮೇಲೆ ನಡೆದುಕೊಂಡೇ ಕೊನೆಯ ಬೇಸಾದ ಹೋಮಿಗೆ ಹೋದ; ಅವರಿಗೆ ಒಂದು ರನ್. ಸೋತೆವು.

“ನಾಳೆ ಬೆಳಿಗ್ಗೆ ಆಫೀಸಿಗೆ ಬಾರಪ್ಪ,” ಎಂದರು ಕೋಚ್. ಬೈಯಲಿಲ್ಲ. ತಂಡದಿಂದ ತೆಗೆಯುವವರನ್ನು ಅವರು ಬೈಯುವುದಿಲ್ಲ.

ಈಗ ಮಲಗುವ ಮುನ್ನ ಬಾಗಿಲ ಚಿಲಕ ಎರಡು ಸಲ ನೋಡಿ ಬಂದೆ. ಹಾಕಿತ್ತು. ಹಾಕಿತ್ತು ಅನ್ನಿಸುತ್ತದೆ.