ನೀರು ಕುಡಿದೂ ಬತ್ತಿದವಳು

ಹಳೆಯ ದಾಖಲೆಗಳ ಭಂಡಾರದ ಮುಖ್ಯಸ್ಥರೇ,

ನಿಮ್ಮ ಬಾಗಿಲಲ್ಲಿ ನನ್ನ ತಂಗಿಯ ಉಪ್ಪು-ಸಕ್ಕರೆ ನೀರಿನ ಬಾಟಲಿ ತೆಗೆದಿಟ್ಟುಕೊಂಡು, ಒಳಗೆ ಧಾರಾಳವಾಗಿ ಶುದ್ಧ ನೀರು ಕೊಟ್ಟು, ಅವಳನ್ನು ಬತ್ತಿಸಿ ಆಸ್ಪತ್ರೆಗೆ ಕಳಿಸಿದ್ದೀರಿ. ನೀರು ಕೊಟ್ಟು ಬತ್ತಿಸುವುದು ಹೇಗೆ ಎಂದು ಕೇಳುತ್ತೀರಾ? ಹನ್ನೊಂದು ವಾರ ಅವಳು ನಿಮಗೆ ವಿವರಿಸುತ್ತಿದ್ದುದು ಅದನ್ನೇ.

ಅವಳು ನಿಮ್ಮಲ್ಲಿ ಹರಿದ ನಕ್ಷೆಗಳಿಗೆ ತೆಳು ಕಾಗದ ಅಂಟಿಸಿ ಜೀವ ಕೊಡುವವಳು. ಎರಡು ವರ್ಷದ ಹಿಂದೆ ಅವಳ ಕರುಳು ಹಗ್ಗದಂತೆ ಮುರುಚಿಕೊಂಡು ಕಪ್ಪಾಯಿತು. ನಮ್ಮ ನಿಮ್ಮ ಹೊಟ್ಟೆಯಲ್ಲಿ ಸಣ್ಣ ಕರುಳು ಇಪ್ಪತ್ತು ಅಡಿಯ ಹತ್ತಿರ ಇರುತ್ತದೆ. ಅವಳಲ್ಲಿ ವೈದ್ಯರಿಗೆ ಉಳಿಸಲು ಆದದ್ದು ಮೂರು ಅಡಿ. ಅದರ ತುದಿ ಹೊಟ್ಟೆಯ ಮೇಲೆ ಅಂಟಿಸಿದ ಚೀಲಕ್ಕೆ ತೆರೆಯುತ್ತದೆ. ತುತ್ತು ನುಣ್ಣಗೆ ಕರಗಿ, ಒಳಗೋಡೆಯ ಮಖಮಲ್ಲಿನಂಥ ಎಳೆಗಳನ್ನು ತಾಗಿ, ರಕ್ತಕ್ಕೆ ಸೇರಲು ಉದ್ದ ದಾರಿ ಬೇಕು. ಅವಳಲ್ಲಿ ಹೊಸ್ತಿಲು ದಾಟಿದರೆ ಹಿತ್ತಿಲು. ನೀರಿನದು ಇನ್ನೂ ವಿಚಿತ್ರ. ಅದು ಗೋಡೆ ದಾಟುವುದು ಉಪ್ಪಿನ ಬೆನ್ನು ಹಿಡಿದು; ಉಪ್ಪು ದಾಟುವುದು ಸಕ್ಕರೆಯ ಕೈ ಹಿಡಿದು. ಬರೀ ನೀರು ಹೊಯ್ದರೆ ಆ ಮೋಟು ಕರುಳು ಮೈಯೊಳಗಿನ ಉಪ್ಪನ್ನೂ ಅದಕ್ಕೆ ಸುರಿದು, ಕುಡಿದದ್ದಕ್ಕಿಂತ ಹೆಚ್ಚು ಹೊರಗೆ ಕಳಿಸುತ್ತದೆ. ಕುಡಿದಷ್ಟೂ ದಾಹ, ದಾಹವಾದಷ್ಟೂ ಪ್ರವಾಹ.

ಹನ್ನೊಂದು ವಾರದ ಹಿಂದೆ ತೂಗುಹಾಕಿದ ನಿಮ್ಮ ಫಲಕವೋ, ಶುದ್ಧ ನೀರಿನ ಹೊರತು ಬೇರೆ ಪಾನೀಯ ನಿಷಿದ್ಧ ಎನ್ನುತ್ತದೆ. ನಿಯಮ ಮೂರ್ಖತನದ್ದಲ್ಲ, ಒಪ್ಪಿದೆ. ಸಕ್ಕರೆ ಚೆಲ್ಲಿದರೆ ಇರುವೆ, ಇರುವೆಯ ಹಿಂದೆ ಜಿರಳೆ, ಆಮೇಲೆ ಕಾಗದವೇ ಅವುಗಳ ಊಟ. ನಿಮ್ಮ ಕಾವಲುಗಾರನೂ ಕೆಟ್ಟವನಲ್ಲ.

"ಅಕ್ಕಾ, ಬೋರ್ಡ್ ನೋಡಿದ್ರಲ್ಲ? ಇರುವೆ ಬರುತ್ತೆ. ಒಳಗೆ ಫಿಲ್ಟರ್ ನೀರಿದೆ, ಹೊಟ್ಟೆ ತುಂಬ ಕುಡೀರಿ."

"ಇರುವೆಗೆ ಒಂದು ಹನೀನೂ ಉಳಿಸಲ್ಲಣ್ಣಾ, ನಾನೇ ಪೂರ್ತಿ ಕುಡೀತೀನಿ!"

ಇಬ್ಬರೂ ನಕ್ಕರಂತೆ. ಬಾಟಲಿ ಮಾತ್ರ ಗೇಟಿನಲ್ಲೇ ಉಳಿಯಿತು.

ಅವಳು ಕೇಳಿದ್ದು ಬಾಗಿಲಾಚೆ ಒಂದು ಸ್ಟೂಲು. ಗಂಟೆಗೊಮ್ಮೆ ಹೊರಬಂದು ನಾಲ್ಕು ಗುಟುಕು ಕುಡಿಯುವ ಅನುಮತಿ. ವೈದ್ಯರ ಚೀಟಿ ಲಗತ್ತಿಸಿದ ಅರ್ಜಿ ಏಳು ಮೇಜು ಸುತ್ತಿತು. ನಿಮ್ಮ ಕಚೇರಿಯ ಕರುಳಿಗೆ ಉದ್ದದ ಕೊರತೆಯಿಲ್ಲ, ಸ್ವಾಮೀ. ಆದರೂ ಒಂದಕ್ಷರ ಒಳಗೆ ಇಳಿಯಲಿಲ್ಲ. "ಪರಿಶೀಲಿಸಲಾಗಿ, ಕುಡಿಯುವ ನೀರಿನ ವ್ಯವಸ್ಥೆ ಸಮರ್ಪಕವಾಗಿರುವುದು ಕಂಡುಬಂದಿದೆ" ಎಂಬ ಉತ್ತರ ಬಂತು. ಯಾರ ಹೊಟ್ಟೆಯಲ್ಲಿ ಕಂಡುಬಂತು?

ಹೋದ ವಾರ, ಕಿಟಕಿಯಿಲ್ಲದ ಕೋಣೆಯಲ್ಲಿ, ನಕ್ಷೆಯೊಂದರ ಅಂಚು ಒತ್ತುತ್ತಿದ್ದವಳು ಕುಸಿದಳು. ಕೆಳಗೆ ಬೀಳುವಾಗಲೂ ಕೈ ಹಿಂದಕ್ಕೆಳೆದುಕೊಂಡಳಂತೆ, ಕಾಗದ ಹರಿಯಬಾರದೆಂದು. ಮೂತ್ರಪಿಂಡಗಳು ಅರ್ಧ ಸೋತಿವೆ, ಇನ್ನೊಮ್ಮೆ ಹೀಗಾದರೆ ಅವಳು ಕೈಗೆ ಸಿಗುವುದಿಲ್ಲ ಎಂದಿದ್ದಾರೆ ವೈದ್ಯರು.

ನಿಮ್ಮೊಬ್ಬರನ್ನೇ ದೂರಿದರೆ ನಾಲಿಗೆ ಸೀದೀತು. ಪರೀಕ್ಷೆಯಲ್ಲಿ ಸಣ್ಣ ಕರುಳಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ಪಡೆದ ಪದವೀಧರ ನಾನು. ದಿನಾ ಸಂಜೆ ಅವಳು ಫೋನಿನಲ್ಲಿ "ಸುಸ್ತು ಕಣೋ ಅಣ್ಣಾ" ಎಂದಾಗ ನಾನು ಹೇಳುತ್ತಿದ್ದದ್ದು: "ಬಾಟ್ಲಿ ಬಿಡದಿದ್ರೆ ಹಾಳಾಗ್ಲಿ, ನೀರಾದ್ರೂ ಜಾಸ್ತಿ ಕುಡಿಯೇ." ಕುಡಿದಳು. ಅಣ್ಣನ ಮಾತು ಮೀರಿದವಳಲ್ಲ.

ಸೋಮವಾರ ಕೆಲಸಕ್ಕೆ ಬರುತ್ತಾಳೆ. ಬೇಡವೆಂದೆ, ಬೈದೆ, ಅತ್ತೆ. "ಮನೇಲಿ ಕೂತ್ರೆ ನಾನು ಬರೀ ಹೊಟ್ಟೆ ಕಣೋ. ಅಲ್ಲಿ ನಂಗೆ ಕೈ ಇವೆ" ಎಂದಳು.

ಆದ್ದರಿಂದ ಇದು ಕೋರಿಕೆಯಲ್ಲ, ಹಕ್ಕೊತ್ತಾಯ. ಸ್ಟೂಲು ನಾನು ತರುತ್ತೇನೆ. ಸೋಮವಾರದೊಳಗೆ ಅದನ್ನಿಡಲು ಬಾಗಿಲಾಚೆ ಒಂದು ಅಡಿ ಜಾಗ, ಗಂಟೆಗೆ ಐದು ನಿಮಿಷ ಬರೆದುಕೊಡಿ. ಇನ್ನೂರು ವರ್ಷ ಬಾಳಿದ ಕಾಗದ ಇನ್ನೂ ಬಾಳಲಿ ಎಂದು ಕಾಯುತ್ತಿದ್ದೀರಿ, ಕಾಯಿರಿ.

ಇವಳಿಗೆ ಮೂವತ್ತೆಂಟು.

ಇಂತಿ,
ಪೂರ್ತಿ ಅಂಕ ಪಡೆದೂ ಫೇಲಾದ ಅಣ್ಣ