ಪ್ಲೇಟಿನ ಅಂಚಿನಲ್ಲಿ ಒಂದು ಗುನುಗು

ಮಾರ್ಚ್ ೪, ಮಂಗಳವಾರ

ಇವತ್ತೂ ಅದೇ ನೀಲಿ ಹೂವು. ಪ್ಲೇಟು ತಿರುಗಿಸು, ಐದು ಎಸಳು, ಒಂದು ಎಲೆ, ಮತ್ತೆ ತಿರುಗಿಸು. ಪಿಂಗಾಣಿ ಕಾರ್ಖಾನೆಗೆ ಸೇರಿದಾಗಿನಿಂದ ಇದೇ. ಕೈಗೆ ಬಾಯಿಪಾಠವಾಗಿದೆ. ನಾನು ಇಲ್ಲದಿದ್ದರೂ ನಡೆದೀತು.

ಪಕ್ಕದ ಟೇಬಲ್ಲಿನ ಗುನುಗಮ್ಮ ಎಂದಿನಂತೆ ಗುನುಗುತ್ತಿದ್ದರು. (ನಾವಿಟ್ಟ ಹೆಸರು. ಅವರಿಗೆ ಗೊತ್ತಿಲ್ಲ.) ಮಾತಿಲ್ಲದ ರಾಗ. ಏರುತ್ತದೆ, ಬಳುಕುತ್ತದೆ, ಕುಂಚ ಬಣ್ಣಕ್ಕೆ ಅದ್ದುವಾಗ ಥಟ್ಟನೆ ನಿಲ್ಲುತ್ತದೆ. ಆಮೇಲೆ ಮೊದಲಿನಿಂದ. ಇಷ್ಟು ವರ್ಷದಲ್ಲಿ ಒಮ್ಮೆಯೂ ಮುಗಿದದ್ದಿಲ್ಲ.

ಊಟವಾದ ಮೇಲೆ ಕಣ್ಣು ತೆರೆದುಕೊಂಡೇ ಎಲ್ಲೋ ತೇಲಿ ಹೋಗಿದ್ದೆ... ಎಚ್ಚರವಾದಾಗ ಪ್ಲೇಟಿನಲ್ಲಿ ಹೂವೇ ಇಲ್ಲ! ಅಂಚಿಗುಂಟ ಒಂದೇ ಗೆರೆ. ಏರಿ, ಬಳುಕಿ, ಅರ್ಧಕ್ಕೆ ನಿಂತಿದೆ. ಆ ಗುನುಗೇ.

ಸೂಪರ್‌ವೈಸರ್ ಎತ್ತಿ ಹಿಡಿದರು. "ಏನಮ್ಮ ಇದು, ಎರೆಹುಳ ಹರಿದಾಡಿದ ಹಾಗಿದೆ?" ಎಲ್ಲರೂ ನಕ್ಕರು. ಕೆಟ್ಟ ಪ್ಲೇಟುಗಳನ್ನು ಒಡೆದು ಹಾಕುವ ಬುಟ್ಟಿಯತ್ತ ಕೈ ಚಾಚಿದರು.

"ಕೊಡಿ ಸರ್, ಅದು ನಂದು" ಎಂದೆ. ನಾನೇ? ಹೌದು, ನಾನೇ. ಇಸಿದುಕೊಂಡು ನನ್ನ ಟೇಬಲ್ಲಿನ ಮೇಲೇ ಇಟ್ಟುಕೊಂಡೆ.

ಮಾರ್ಚ್ ೬, ಗುರುವಾರ

ಮಾಲೀಕರು ಬಂದಿದ್ದರು. ನನ್ನ ಟೇಬಲ್ಲಿನ ಮೇಲಿದ್ದ ಆ ಪ್ಲೇಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ. ಆದ್ರೆ ಮುಗಿದಿಲ್ವಲ್ಲ? ಗೆರೆ ಸುತ್ತು ಬಂದು ಸೇರ್ಬೇಕು. ಮುಂದಿನ ಶುಕ್ರವಾರ ಮುಗಿಸಿ ತೋರ್ಸು. ಒಪ್ಪಿಗೆ ಆದ್ರೆ ಡಿಸೈನ್ ರೂಮಿಗೆ ಹಾಕ್ತೀನಿ. ಇಲ್ಲಾಂದ್ರೆ ನಿನ್ನ ಹೂವು ಇದ್ದೇ ಇದೆ."

ಮನೆಗೆ ಬಂದು ಅಕ್ಕನಿಗೆ ಹೇಳಿದೆ. "ನೀನಾ? ಡಿಸೈನಾ? ಇರೋ ಕೆಲಸ ನೆಟ್ಟಗೆ ಮಾಡು ಸಾಕು." ಸಿಟ್ಟು ಬಂತು. ಅವಳು ಹೇಳಿದ್ದು ನಿಜವೂ ಇರಬಹುದೆಂದು ಇನ್ನಷ್ಟು ಸಿಟ್ಟು ಬಂತು.

ಮಾರ್ಚ್ ೧೧, ಮಂಗಳವಾರ

ಗುನುಗಮ್ಮ ರಜೆ. ಕಣ್ಣಿನ ಆಪರೇಷನ್. ಹಾಲ್ ಎಷ್ಟು ನಿಶ್ಶಬ್ದ... ಕುಂಚ ತೊಳೆಯುವ ನೀರಿನ ಸದ್ದೂ ಕೇಳುತ್ತದೆ.

ಗೆರೆ ಎಳೆದೆ, ಒರೆಸಿದೆ. ಎಳೆದೆ, ಒರೆಸಿದೆ. ಅರ್ಧಕ್ಕೆ ಬಂದರೆ ಸಾಕು, ಕೈ ಮುಷ್ಕರ ಹೂಡುತ್ತದೆ. ಹಾಡು ಅವರದ್ದು, ಕೊನೆಯೂ ಅವರ ಹತ್ತಿರವೇ ಇರಬೇಕು. ಇದರಲ್ಲಿ ನನ್ನದು ಅಂತ ಏನಿದೆ?

ಮಾರ್ಚ್ ೧೨, ಬುಧವಾರ, ಸಂಜೆ

ಗುನುಗಮ್ಮನ ಮನೆಗೆ ಹೋಗಿ ಬಂದೆ. ಒಂದು ಕಣ್ಣಿಗೆ ಪಟ್ಟಿ. ಕಿಟಕಿಯ ಪಕ್ಕ ಕೂತಿದ್ದರು.

"ಅಮ್ಮಾ, ನೀವು ಕೆಲಸ ಮಾಡ್ತಾ ಹಾಡ್ತಿರ್ತೀರಲ್ಲ, ಅದರ ಕೊನೆ ಹೇಳ್ಕೊಡಿ."

"ನಾನಾ? ಹಾಡೋದಾ? ನನ್ನ ಗಂಟಲು ಕೇಳಿದ್ರೆ ಕಾಗೆಗಳೂ ಓಡಿಹೋಗ್ತಾವೆ ಕಣೇ!"

ತಮಾಷೆಯಲ್ಲ. ತಾವು ಗುನುಗುವುದೇ ಅವರಿಗೆ ಗೊತ್ತಿಲ್ಲ!

ಬೇರೆ ದಾರಿಯಿರಲಿಲ್ಲ. ನಾನೇ ಗುನುಗಿ ತೋರಿಸಿದೆ. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡು. ಏರಿತು, ಬಳುಕಿತು, ನಿಂತಿತು. ನಾನೂ ನಿಂತೆ.

"ಎಷ್ಟು ಚೆನ್ನಾಗಿದ್ಯಲ್ಲೇ! ನೀನೇ ಕಟ್ಟಿದ್ದಾ?" ಕೈ ಹಿಡಿದುಕೊಂಡರು. "ನಿಲ್ಸಬೇಡ. ಆಮೇಲೆ?"

ಆಮೇಲೇನೆಂದು ನನಗೂ ಗೊತ್ತಿರಲಿಲ್ಲ. ಆದರೂ ಬಾಯಿ ಮುಂದೆ ಹೋಯಿತು. ಕೆಳಗಿಳಿಯಿತು, ಎಲ್ಲೋ ತಪ್ಪಿತು, ತಪ್ಪಿದಲ್ಲೇ ಹಿತವಾಗಿತ್ತು... ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬಂದು ನಿಂತಿತು. ಗುನುಗಮ್ಮ ತಲೆದೂಗುತ್ತಿದ್ದರು. ನನಗೆ ಅಳು ಬಂತು. ಖುಷಿಗೇ ಬಂತು.

ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿ ಹೋದದ್ದು ಗೊತ್ತೇ ಆಗಲಿಲ್ಲ. ನಡೆದು ಬಂದೆ. ಬೀದಿಯ ದೀಪಗಳೆಲ್ಲ ನನ್ನ ಪರವಾಗಿದ್ದವು.

ಮಾರ್ಚ್ ೧೪, ಶುಕ್ರವಾರ, ಊಟದ ಬಿಡುವು

ಗೆರೆ ಸೇರಿತು. ಗುನುಗುತ್ತಲೇ ಎಳೆದೆ, ಎಲ್ಲರಿಗೂ ಕೇಳುವ ಹಾಗೆ. ಯಾರೋ ಕಿಸಕ್ಕನೆ ನಕ್ಕರು. ನಾನು ನಿಲ್ಲಿಸಲಿಲ್ಲ. ಸೂಪರ್‌ವೈಸರ್ ಬಂದು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು, ಪ್ಲೇಟನ್ನು ಮೆಲ್ಲಗೆ ಕೆಳಗಿಟ್ಟು ಹೋದರು.

ಮಾಲೀಕರ ಕಾರು ಗೇಟಿನಲ್ಲಿದೆ. ಒಪ್ಪಿದರೆ ಡಿಸೈನ್ ರೂಮು. ಒಪ್ಪದಿದ್ದರೆ... ಸರಿ, ಹೂವು ಬಿಡಿಸುತ್ತೇನೆ. ಬೇಜಾರಾಗುತ್ತದೆ, ಆಗುವುದಿಲ್ಲ ಎಂದು ಸುಳ್ಳು ಬರೆಯುವುದಿಲ್ಲ. ಆದರೆ ಅವರು ಒಪ್ಪಲಿಲ್ಲವೆಂದು ಇದು ಅರ್ಧವಾಗುವುದಿಲ್ಲ. ಮುಗಿದಿದೆ. ನಾನೇ ಮುಗಿಸಿದ್ದು.

ಕರೆಯುತ್ತಿದ್ದಾರೆ. ಇರಲಿ, ಒಂದು ನಿಮಿಷ. ಬೆಳಿಗ್ಗೆಯಿಂದ ತಲೆಯಲ್ಲಿ ಬೇರೊಂದು ಗುನುಗು ಓಡುತ್ತಿದೆ, ಯಾರ ಬಾಯಿಂದಲೂ ಕೇಳಿದ್ದಲ್ಲ. ಮರೆಯುವ ಮೊದಲು ಇಲ್ಲೇ ಗೀಚಿಡುತ್ತೇನೆ. ಮೊದಲು ಕೆಳಗಿನಿಂದ ಮೆಲ್ಲಗೆ, ಆಮೇಲೆ—